ಸಿಕ್ಕಾ, ಪುತಳಿ, ಚಮಕಿ

ಸಾಂಗ್ಲಿಗೋ ಮಿರಜಕ್ಕೋ ಮದುವೆಯ ಜವಳಿ ತೆಗೆಯಲು ಹೋದರೆ ಈಗ ‘ಸೀಕ್ವಿನ್ ಸೀರೆ’ ಎಂಬ ಮಾತು ಕಿವಿಗೆ ಬೀಳುತ್ತದೆ. ಮಡಿಕೆ ಬಿಚ್ಚಿದರೆ ನಮ್ಮ ಹಳೆಯ ಚಮಕಿಯೇ. ನಡುವೆ ತೂತಿರುವ ತೆಳ್ಳನೆಯ ಬಿಲ್ಲೆ. ಸೂಜಿ ಆ ತೂತಿನಿಂದ ಮೇಲೆದ್ದು ಅಂಚಿನಾಚೆ ಇಳಿದರೆ ಒಂದು ಚಮಕಿ ಕೂತಿತು. ಮರಾಠಿಯಲ್ಲಿ ಇದು ಟಿಕಲಿ. ಹೆಂಗಸರು ಹಣೆಗೆ ಅಂಟಿಸಿಕೊಳ್ಳುವುದೂ ಟಿಕಲಿಯೇ.

ಸೀಕ್ವಿನ್ ಎಂಬ ಹೆಸರು ಮಾತ್ರ ಹುಟ್ಟಿದ್ದು ಟಂಕಸಾಲೆಯಲ್ಲಿ. ನಾಣ್ಯಕ್ಕೆ ಮುದ್ರೆ ಒತ್ತುವ ಅಚ್ಚಿಗೆ ಅರಬ್ಬಿಯಲ್ಲಿ ಸಿಕ್ಕಾ. ಅದರಿಂದ ವೆನಿಸ್ ನಗರದ ಟಂಕಸಾಲೆ ಝೆಕ್ಕಾ ಆಯಿತು. ಅಲ್ಲಿ 1284ರಿಂದ ಹೊಡೆದ ಚಿನ್ನದ ನಾಣ್ಯಕ್ಕೆ ಮುಂದೆ ಝೆಕ್ಕಿನೋ ಎಂಬ ಹೆಸರು ಬಂತು. ಫ್ರೆಂಚರ ಬಾಯಲ್ಲಿ ತಿರುಗಿ ಅದೇ ಸೀಕ್ವಿನ್. 1797ರಲ್ಲಿ ವೆನಿಸ್ ಗಣರಾಜ್ಯವೇ ಮುಳುಗಿತು. 19ನೇ ಶತಮಾನ ಮುಗಿಯುವ ಹೊತ್ತಿಗೆ, ಬರಿದಾಗಿದ್ದ ಆ ಹೆಸರು ಉಡುಪಿನ ಹೊಳೆವ ಬಿಲ್ಲೆಗೆ ಅಂಟಿಕೊಂಡಿತು.

ಸಿಕ್ಕಾ ನಮ್ಮ ಕಡೆಗೂ ಬಂದಿದೆ, ಪಾರಸಿಯ ದಾರಿಯಲ್ಲಿ. ಮಿರಜದ ಕಚೇರಿಯಲ್ಲಿ ಕಾಗದಕ್ಕೆ ಹೊಡೆಯುವುದು ಶಿಕ್ಕಾ, ಗಡಿ ದಾಟಿ ಅಥಣಿಗೆ ಬಂದರೆ ಸಿಕ್ಕಾ. ಸಾಹೇಬರ ಸಿಕ್ಕಾ ಬೀಳದೆ ಅರ್ಜಿ ಮುಂದೆ ಸರಿಯದು ಎನ್ನುವವರಿಗೆ ಸೀರೆಯ ಮೇಲಿನ ಸೀಕ್ವಿನ್ ಅದರ ದಾಯಾದಿ ಎಂದರೆ ನಗು ಬಂದೀತು.

ಸೀಕ್ವಿನ್ ಎಂಬ ಹೆಸರಿಗಿಂತ ಮೊದಲೇ ಆ ವೆನಿಸ್ ನಾಣ್ಯವೂ ಇತ್ತ ಬಂದಿತ್ತು. ಮೆಣಸಿನ ವ್ಯಾಪಾರದ ಬೆನ್ನು ಹತ್ತಿ ಬಂದ ಚಿನ್ನ ಅದು. ತೂಕ ಸುಮಾರು ಮೂರೂವರೆ ಗ್ರಾಂ. ಒಂದು ಮಗ್ಗುಲಲ್ಲಿ ಸಂತ ಮಾರ್ಕನ ಮುಂದೆ ಮೊಣಕಾಲೂರಿದ ವೆನಿಸ್‌ನ ದೊರೆ, ಇನ್ನೊಂದರಲ್ಲಿ ನಕ್ಷತ್ರಗಳ ನಡುವೆ ಕ್ರಿಸ್ತ. ನಮ್ಮವರಿಗೆ ಸಂತ ಯಾರೋ, ದೊರೆ ಯಾರೋ! ಬೊಂಬೆಗಳು ಕಂಡವು, ಪುತಳಿ ಎಂದರು. ಕಣ್ಣಿ ಹಚ್ಚಿ ಪೋಣಿಸಿ ಕೊರಳಿಗೆ ಹಾಕಿಕೊಂಡರು. ಇಂದಿಗೂ ಇತ್ತ ಅಕ್ಕಸಾಲಿಗರಲ್ಲಿ ಪುತಳಿ ಸರ ಕೇಳಿದರೆ ಸಿಗುತ್ತದೆ, ಬೊಂಬೆಯ ಜಾಗದಲ್ಲಿ ಹೆಚ್ಚಾಗಿ ಲಕ್ಷ್ಮಿ ಇರುತ್ತಾಳೆ.

ಬಡವರ ಹೊಳಪಿಗೆ ಬೇರೆ ಮಾತಿದೆ: ಬೇಗಡೆ, ಮರಾಠಿಯಲ್ಲಿ ಬೇಗಡ. ಯಕ್ಷಗಾನದ ಹಗುರ ಮರದ ಆಭರಣಗಳಿಗೆ ಹೊದಿಸುವುದು ಇದನ್ನೇ. ಅಂಥ ಯಕ್ಷಗಾನವನ್ನೇ ಹೊನ್ನಾವರದ ಕರ್ಕಿಯ ಭಾಗವತರ ಮೇಳ ಸಾಂಗ್ಲಿಗೆ ಹೋಗಿ ಆಡಿತ್ತು. ಅದನ್ನು ಕಂಡ ವಿಷ್ಣುದಾಸ ಭಾವೆ 1843ರಲ್ಲಿ ಅಲ್ಲೇ, ಪಟವರ್ಧನ ಅರಸರ ಆಶ್ರಯದಲ್ಲಿ, ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಎಣಿಸುವುದು ಆ ಆಟದಿಂದ.