ಹಸುಗೂಸಿಗೆ ನೀರು ಯಾವಾಗ?

(ರೈತ ಮಹಿಳೆಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಬೆಳೆಗೆ ನೀರು ಯಾವಾಗ ಹಾಯಿಸಬೇಕು ಎಂಬ ಪ್ರಶ್ನೆ ಕೃಷಿಕರಿಗೆ ಹೊಸದಲ್ಲ. ಪೈರಿನ ಯಾವ ಹಂತದಲ್ಲಿ ನೀರು ಬೇಕು, ಯಾವ ಹಂತದಲ್ಲಿ ಬೇಡ ಎಂಬುದನ್ನು ಅನುಭವಸ್ಥ ರೈತ ಎಲೆ ನೋಡಿಯೇ ಹೇಳಬಲ್ಲ. ಆದರೆ ಅದೇ ಮನೆಯ ತೊಟ್ಟಿಲಲ್ಲಿ ಮಲಗಿರುವ ಕೂಸಿಗೆ ನೀರು ಯಾವಾಗ ಕುಡಿಸಬೇಕು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಮಾತು ಹೇಳುತ್ತಾರೆ.

ಬೇಸಿಗೆಯಲ್ಲಿ ಹಳ್ಳಿಯ ಮನೆಗಳಲ್ಲಿ ಕೇಳಿಬರುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ. ಮೂರು ತಿಂಗಳ ಕೂಸು ಅಳುತ್ತಿದೆ. "ಬಿಸಿಲು ನೋಡಮ್ಮ, ಮಗುವಿನ ಬಾಯಿ ಒಣಗಿದೆ. ಒಳಲೆಯಲ್ಲಿ ಎರಡು ಗುಟುಕು ನೀರು ಹಾಕು" ಎನ್ನುತ್ತಾರೆ ಅತ್ತೆ. "ಆಶಾ ಅಕ್ಕ ಬೇಡ ಅಂದಿದ್ದಾರೆ ಅತ್ತೆ" ಎನ್ನುತ್ತಾಳೆ ಸೊಸೆ. "ನಿನ್ನ ಗಂಡನಿಗೂ ಹಾಕಿಯೇ ಸಾಕಿದ್ದು ಕಣಮ್ಮ" ಎಂದು ಅತ್ತೆ ಒಳಲೆ ತರಲು ಏಳುತ್ತಾರೆ.

ಅತ್ತೆಯ ಮಾತಿನಲ್ಲಿರುವುದು ಪ್ರೀತಿಯೇ. ಆದರೆ ಇಲ್ಲಿ ಸೊಸೆಯ ಮಾತೇ ಸರಿ. ಎದೆಹಾಲು ಕುಡಿಯುವ ಮಗುವಿಗೆ ಆರು ತಿಂಗಳು ತುಂಬುವವರೆಗೆ ನೀರು ಬೇಡ. ಕಡು ಬೇಸಿಗೆಯಲ್ಲಿಯೂ ಬೇಡ. ಹಿಂದೆ ನಾಲ್ಕರಿಂದ ಆರು ತಿಂಗಳು ಎಂದು ಹೇಳುತ್ತಿದ್ದುದುಂಟು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪೂರ್ತಿ ಆರು ತಿಂಗಳು ಎದೆಹಾಲು ಮಾತ್ರ ಎಂದು ಖಚಿತಪಡಿಸಿತು. ಈ ಅವಧಿಯಲ್ಲಿ ವೈದ್ಯರು ಹೇಳಿದ ಔಷಧಿಯನ್ನು ಬಿಟ್ಟು ಬೇರೇನೂ ಬೇಕಾಗಿಲ್ಲ. ಸಕ್ಕರೆ ನೀರು, ಜೇನುತುಪ್ಪ, ಗ್ರೈಪ್ ವಾಟರ್ ಯಾವುದೂ ಬೇಡ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವವರೆಗೆ ನೆಕ್ಕಿಸಲೇಬಾರದು.

ಹಾಲಿನಲ್ಲಿಯೇ ನೀರಿದೆ

ಎದೆಹಾಲಿನ ನೂರು ಪಾಲಿನಲ್ಲಿ ಸುಮಾರು 87 ಪಾಲು ನೀರೇ. ಮಗು ಹಾಲು ಕುಡಿದಾಗಲೆಲ್ಲ ನೀರನ್ನೂ ಕುಡಿಯುತ್ತದೆ. ಈ ಹಾಲಿನಲ್ಲಿ ಲವಣಾಂಶ ಕಡಿಮೆಯಾದ್ದರಿಂದ ಅದನ್ನು ಹೊರಹಾಕಲು ಮೂತ್ರಪಿಂಡಗಳಿಗೆ ಹೆಚ್ಚಿನ ನೀರು ಬೇಕಾಗುವುದಿಲ್ಲ. ದೆಹಲಿಯ ಬೇಸಿಗೆಯಲ್ಲಿ ಈ ವಿಷಯವನ್ನು ಪರೀಕ್ಷಿಸಿ ನೋಡಿ, 1991ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಎದೆಹಾಲನ್ನು ಮಾತ್ರ ಕುಡಿದ ಶಿಶುಗಳಿಗೆ ನೀರಿನ ಕೊರತೆಯಾಗಲಿಲ್ಲ.

ಮಗುವಿಗೆ ಸಾಕಷ್ಟು ಸಿಗುತ್ತಿದೆಯೇ ಎಂದು ತಿಳಿಯುವುದು ಸುಲಭ. ಹುಟ್ಟಿದ ಮೊದಲ ಕೆಲವು ದಿನಗಳು ಕಳೆದ ಮೇಲೆ, ಮಗು ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡುತ್ತಿದ್ದು, ತೂಕವೂ ಏರುತ್ತಿದ್ದರೆ ಚಿಂತೆಗೆ ಕಾರಣವಿಲ್ಲ. ಬಿಸಿಲು ಹೆಚ್ಚಿದಾಗ ಇನ್ನೂ ಎರಡು ಸಲ ಎದೆಗೆ ಹಾಕಿಕೊಂಡರೆ ಸರಿ. ನೀರಿನ ಚೊಂಬು ಇರಬೇಕಾದದ್ದು ಹಾಲೂಡಿಸುವ ತಾಯಿಯ ಪಕ್ಕದಲ್ಲಿ.

ಎರಡು ಗುಟುಕಿನಿಂದ ಆಗುವ ಕೇಡು

ಮೊದಲನೆಯದಾಗಿ, ಕೂಸಿನ ಹೊಟ್ಟೆ ಬಹಳ ಚಿಕ್ಕದು. ಅದರಲ್ಲಿ ನೀರು ತುಂಬಿದರೆ ಹಾಲಿಗೆ ಜಾಗವಿರುವುದಿಲ್ಲ. ಕರು ಕುಡಿಯುವುದು ಕಡಿಮೆಯಾಗಿ, ಕರೆಯುವುದೂ ತಪ್ಪಿದರೆ ಹಸು ಹಾಲು ಬತ್ತಿಸಿಕೊಳ್ಳುತ್ತದೆ ಎಂಬುದು ಹೈನುಗಾರರಿಗೆ ಗೊತ್ತಿರುವ ಸಂಗತಿ. ತಾಯಿಯ ಹಾಲೂ ಹಾಗೆಯೇ. ಮಗು ಚೀಪುವುದು ಕಡಿಮೆಯಾದರೆ ಹಾಲೂ ಕಡಿಮೆಯಾಗುತ್ತದೆ.

ಎರಡನೆಯದಾಗಿ, ನೀರಿನೊಂದಿಗೆ, ಒಳಲೆಯೊಂದಿಗೆ, ಕೈಬೆರಳಿನೊಂದಿಗೆ ಭೇದಿಯ ರೋಗಾಣುಗಳು ಒಳಗೆ ಹೋಗುತ್ತವೆ. ಹಾಲುಣಿಸುವ ಬಾಟಲಿಯಂತೂ ಇನ್ನೂ ಅಪಾಯ.

ಮೂರನೆಯದಾಗಿ, ಶಿಶುವಿನ ಮೂತ್ರಪಿಂಡಗಳು ಇನ್ನೂ ಬಲಿತಿರುವುದಿಲ್ಲ. ನೀರು ಹೆಚ್ಚಾದರೆ ರಕ್ತದಲ್ಲಿನ ಸೋಡಿಯಂ ತಗ್ಗಿ ಫಿಟ್ಸ್ ಸಹ ಬರಬಹುದು.

ಕರು ಹುಟ್ಟಿದೊಡನೆ ಗಿಣ್ಣು ಕುಡಿಸಬೇಕೆಂದು ಗೊತ್ತಿರುವ ರೈತ, ಅದಕ್ಕೆ ಮೊದಲು ತೊಟ್ಟಿಯ ನೀರು ಕುಡಿಸುವುದಿಲ್ಲ. ಮನೆಯ ಕೂಸಿಗೂ ಇದೇ ನ್ಯಾಯ. ಹೆರಿಗೆಯಾದ ಒಂದು ಗಂಟೆಯೊಳಗೆ ತಾಯಿಯ ಹಳದಿ ಬಣ್ಣದ ಮೊದಲ ಹಾಲು ಮಗುವಿನ ಬಾಯಿಗೆ ಬೀಳಬೇಕು.

ಬಾವಿಯ ನೀರು ಮತ್ತು ಗೊಬ್ಬರ

ಇನ್ನೊಂದು ಅಪಾಯ ಹೊಲದಿಂದಲೇ ಬರುವಂಥದು. 1945ರಲ್ಲಿ ಅಮೆರಿಕದ ಅಯೋವಾ ರಾಜ್ಯದ ವೈದ್ಯ ಹಂಟರ್ ಕಾಮ್ಲಿ ಅವರು, ರೈತರ ಮನೆಗಳ ಶಿಶುಗಳ ಮೈ ನೀಲಿಗಟ್ಟುತ್ತಿದ್ದುದಕ್ಕೆ ಬಾವಿ ನೀರಿನ ನೈಟ್ರೇಟ್ ಕಾರಣವೆಂದು ತೋರಿಸಿದರು. ಆ ಶಿಶುಗಳ ಬಾಟಲಿ ಹಾಲನ್ನು ಆ ನೀರಿನಲ್ಲಿಯೇ ಕಲಸುತ್ತಿದ್ದರು. ನೈಟ್ರೇಟ್ ಶಿಶುವಿನ ಹೊಟ್ಟೆಯಲ್ಲಿ ನೈಟ್ರೈಟ್ ಆಗಿ, ರಕ್ತವು ಆಮ್ಲಜನಕವನ್ನು ಒಯ್ಯದಂತೆ ಮಾಡುತ್ತದೆ. ತುಟಿ, ಉಗುರು ನೀಲಿಯಾಗುತ್ತವೆ. ಜೀವಕ್ಕೂ ಅಪಾಯ.

ಹೊಲಕ್ಕೆ ಹಾಕಿದ ಯೂರಿಯಾ ಮಣ್ಣಿನಲ್ಲಿ ಕೊನೆಗೆ ನೈಟ್ರೇಟ್ ಆಗುತ್ತದೆ. ಇದನ್ನು ಮಣ್ಣು ಹಿಡಿದಿಟ್ಟುಕೊಳ್ಳುವುದಿಲ್ಲ. ಬೆಳೆ ಹೀರದೆ ಉಳಿದದ್ದು ಮಳೆ ನೀರಿನೊಡನೆ ಅಂತರ್ಜಲಕ್ಕೆ ಇಳಿಯುತ್ತದೆ. ತಿಪ್ಪೆಗುಂಡಿ, ಕೊಟ್ಟಿಗೆ, ಶೌಚದ ಗುಂಡಿಗಳಿಂದಲೂ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಮುಖ್ಯವಾಗಿ ನೆನಪಿಡಬೇಕಾದದ್ದು ಇದು: ಕುದಿಸಿದರೆ ರೋಗಾಣು ಸಾಯುತ್ತದೆ, ಆದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಕೋಲಾರ, ತುಮಕೂರು ಮೊದಲಾದ ಜಿಲ್ಲೆಗಳ ಆಳದ ಕೊಳವೆಬಾವಿಗಳಲ್ಲಿ ಕಂಡುಬರುವ ಫ್ಲೋರೈಡ್ ಸಹ ಕುದಿಸಿದರೆ ಹೋಗುವಂಥದಲ್ಲ.

ತಾಯಿ ಇಂಥ ನೀರು ಕುಡಿದರೂ ಎದೆಹಾಲಿಗೆ ಸೇರುವ ನೈಟ್ರೇಟ್, ಫ್ಲೋರೈಡ್ ತೀರ ಕಡಿಮೆ. ಹೀಗೆ ತಾಯಿಯ ದೇಹವೇ ಮಗುವಿಗೆ ಸೋಸಿದ ನೀರನ್ನು ಕೊಡುತ್ತದೆ. ಆರು ತಿಂಗಳ ನಂತರ ಮಗು ನೇರವಾಗಿ ಬಾವಿಯ ನೀರು ಕುಡಿಯಬೇಕಾಗುತ್ತದೆ. ಆದಕಾರಣ ಈ ಆರು ತಿಂಗಳು ಮನೆಯವರಿಗೆ ಸಿಕ್ಕ ಗಡುವು. ಅಷ್ಟರೊಳಗೆ ಮೂರು ಕೆಲಸ ಆಗಬೇಕು.

1. ಕುಡಿಯುವ ನೀರನ್ನು ಪರೀಕ್ಷೆ ಮಾಡಿಸುವುದು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಅಡಿಯಲ್ಲಿ ಗ್ರಾಮಗಳಿಗೆ ಪರೀಕ್ಷಾ ಕಿಟ್ ಒದಗಿಸುವ ವ್ಯವಸ್ಥೆಯಿದೆ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸುವುದು. ದೋಷ ಕಂಡರೆ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಮಗುವಿಗೆ ಬಳಸುವುದು.

2. ತಿಪ್ಪೆಗುಂಡಿ, ಶೌಚದ ಗುಂಡಿಗಳು ಬಾವಿಯಿಂದ ಕನಿಷ್ಠ 15 ಮೀಟರ್ ದೂರವಿರುವಂತೆ ನೋಡಿಕೊಳ್ಳುವುದು.

3. ಮಣ್ಣು ಪರೀಕ್ಷೆಯ ಪ್ರಕಾರ, ಬೆಳೆಗೆ ಬೇಕಾದಷ್ಟೇ ಯೂರಿಯಾವನ್ನು ಎರಡು ಮೂರು ಕಂತುಗಳಲ್ಲಿ ಕೊಡುವುದು. ಇದರಿಂದ ಹಣವೂ ಉಳಿಯುತ್ತದೆ, ಬಾವಿಯೂ ಉಳಿಯುತ್ತದೆ.

ತಾಯಿ ಹೊಲಕ್ಕೆ ಹೋದಾಗ

ಕಳೆ ಕೀಳುವ, ನಾಟಿ ಮಾಡುವ ಕಾಲದಲ್ಲಿ ತಾಯಿ ಹೊಲಕ್ಕೆ ಹೋಗುವುದು ಅನಿವಾರ್ಯ. ಅಂಥ ಹೊತ್ತಿನಲ್ಲಿಯೇ ಮನೆಯಲ್ಲಿ ಮಗುವಿಗೆ ನೀರು ಬೀಳುವುದು ಹೆಚ್ಚು. ಸಾಧ್ಯವಾದರೆ ಮಗುವನ್ನು ಹೊಲದ ಬಳಿ ನೆರಳಿಗೆ ಕರೆತರಬೇಕು. ಇಲ್ಲವಾದರೆ ಕೈ ತೊಳೆದು, ಕುದಿಸಿ ತೆಗೆದ ಸ್ಟೀಲ್ ಬಟ್ಟಲಿಗೆ ಹಾಲು ಹಿಂಡಿ, ಮುಚ್ಚಿ, ತಂಪಾದ ಜಾಗದಲ್ಲಿಡಬೇಕು. ನಾಲ್ಕು ಗಂಟೆಯೊಳಗೆ ಅದನ್ನು ಶುಚಿಯಾದ ಒಳಲೆ ಅಥವಾ ಚಮಚದಿಂದ ಕುಡಿಸಬೇಕು. ಒಳಲೆ ಒಳ್ಳೆಯ ಸಾಧನವೇ. ಅದರಲ್ಲಿ ನೀರಿನ ಬದಲು ಹಾಲಿರಲಿ. ಬಾಣಂತಿಯನ್ನು ಹೊತ್ತಿಗೆ ಸರಿಯಾಗಿ ಮನೆಗೆ ಕಳಿಸುವುದು ಗಂಡಸರ ಹೊಣೆ.

ಆರು ತಿಂಗಳು ತುಂಬಿದ ಮೇಲೆ

ಅನ್ನಪ್ರಾಶನದ ಹೊತ್ತಿಗೆ ರಾಗಿ ಸರಿ, ಬೇಳೆ ಬೆರೆಸಿ ನುಣ್ಣಗೆ ಮಿದ್ದ ಅನ್ನ ಆರಂಭವಾಗುತ್ತದೆ. ನೀರಿಗೂ ಅದೇ ಮುಹೂರ್ತ. ಕುದಿಸಿ ಆರಿಸಿದ ನೀರನ್ನು ಊಟದೊಡನೆ ಗುಟುಕು ಗುಟುಕಾಗಿ ಲೋಟದಿಂದ ಕುಡಿಸಬೇಕು. ಒಂದು ವರ್ಷದವರೆಗೆ ದಿನಕ್ಕೆ ಅರ್ಧ ಲೋಟದಿಂದ ಒಂದು ಲೋಟ ಸಾಕು. ಎದೆಹಾಲು ಎರಡು ವರ್ಷದವರೆಗೆ ಮುಂದುವರಿಯಲಿ.

ಭೇದಿಯಾದಾಗ ಮಾತ್ರ ಮಾತು ಬೇರೆ. ಆಗಲೂ ಎದೆಹಾಲು ನಿಲ್ಲಿಸಬಾರದು. ಆರೋಗ್ಯ ಕಾರ್ಯಕರ್ತೆಯ ಸಲಹೆಯಂತೆ ಓಆರ್‌ಎಸ್ ಕೊಡಬೇಕು. ಮಗು ಮಂಕಾದರೆ, ಹಾಲು ಬಿಟ್ಟರೆ, ಮೂತ್ರ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮತ್ತೆ ಆ ಅತ್ತೆ ಸೊಸೆಯರ ಮನೆಗೆ ಬಂದರೆ, ಅತ್ತೆ ಒಳಲೆ ತರಲು ಎದ್ದದ್ದು ವ್ಯರ್ಥವಾಗಬೇಕಿಲ್ಲ. ಒಳಗಿನಿಂದ ಒಂದು ಚೊಂಬು ತಣ್ಣೀರು ತಂದು ಸೊಸೆಯ ಕೈಗೆ ಕೊಟ್ಟು, "ಮೊದಲು ನೀನು ಕುಡಿಯಮ್ಮ, ಆಮೇಲೆ ಮಗುವಿಗೆ ಹಾಲು ಕೊಡು" ಎಂದರೆ ಸಾಕು. ಮಗುವಿನ ಬಾಯಾರಿಕೆಗೆ ಅದೇ ಸರಿಯಾದ ದಾರಿ.