ಚೌಬಾರಾದ ಸುತ್ತಮುತ್ತ: ಬೀದರಿನ ಹಳೆಯ ಪೇಟೆಯಲ್ಲೊಂದು ನಡಿಗೆ



ಶಾಲೆ ಕಾಲೇಜುಗಳ ಪ್ರವಾಸಕ್ಕೆ ನಮ್ಮಲ್ಲಿ ಒಂದು ರೂಢಿ ಬಿದ್ದುಹೋಗಿದೆ. ಬಸ್ಸು ನಿಲ್ಲುತ್ತದೆ. ಎಲ್ಲರೂ ಇಳಿದು ಕೋಟೆಯನ್ನೋ ಗುಡಿಯನ್ನೋ ಅರ್ಧ ಗಂಟೆಯಲ್ಲಿ ಸುತ್ತುತ್ತಾರೆ. ಫೋಟೋ ತೆಗೆಸಿಕೊಳ್ಳುತ್ತಾರೆ, ಮತ್ತೆ ಬಸ್ಸು ಹತ್ತುತ್ತಾರೆ. ಕೋಟೆ ನೋಡಿದ್ದಾಯಿತು, ಆದರೆ ಆ ಕೋಟೆ ಯಾವ ಊರಿಗಾಗಿ ಇತ್ತೋ ಆ ಊರನ್ನು ಯಾರೂ ನೋಡಿರುವುದಿಲ್ಲ. ಇಂದು ನಾನು ನಿಮ್ಮನ್ನು ಅಂಥ ಒಂದು ಊರಿನೊಳಕ್ಕೆ ನಡೆಸಿಕೊಂಡು ಹೋಗಬೇಕೆಂದಿದ್ದೇನೆ. ಅದು ಕರ್ನಾಟಕದ ತುತ್ತತುದಿಯಲ್ಲಿರುವ ಬೀದರ್. ಅದರಲ್ಲೂ ಕೋಟೆಯ ಹೊರಗೆ, ಹಳೆಯ ಪೌಳಿಗೋಡೆಯ ಒಳಗೆ ಇರುವ ಹಳೆಯ ಪೇಟೆ.

ಬೆಂಗಳೂರಿನಿಂದ ಸುಮಾರು 700 ಕಿಲೋಮೀಟರು ದೂರವಿರುವ ಊರು ಇದು. 2017ರಲ್ಲಿ ಕಲಬುರಗಿ–ಬೀದರ್ ರೈಲು ಮಾರ್ಗ ತೆರೆದ ಮೇಲೆ ದಾರಿ ಸುಲಭವಾಗಿದೆ. ಹೋಗುವುದಾದರೆ ಬೆಳಗಿನ ಹೊತ್ತು ಹೋಗಿ. ಅಂಗಡಿಗಳ ಬಾಗಿಲು ಇನ್ನೂ ತೆರೆದಿರುವುದಿಲ್ಲ, ವಾಹನಗಳ ಗದ್ದಲವಿರುವುದಿಲ್ಲ. ಆ ನಿಶ್ಶಬ್ದದಲ್ಲಿ ಊರಿನ ರಚನೆ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ.

ಮೊದಲು, ಊರು ಇಲ್ಲಿಯೇ ಏಕೆ ಹುಟ್ಟಿತು ಎಂಬುದನ್ನು ಕೇಳಿಕೊಳ್ಳೋಣ. ಬೀದರ್ ಇರುವುದು ಸಮುದ್ರಮಟ್ಟಕ್ಕಿಂತ 2,000 ಅಡಿಗೂ ಎತ್ತರದ ಒಂದು ಪ್ರಸ್ಥಭೂಮಿಯ ಅಂಚಿನಲ್ಲಿ. ಮೇಲಿನ ಪದರ ಕೆಂಪನೆಯ ಜಂಬಿಟ್ಟಿಗೆ ಕಲ್ಲಿನದು, ಕೆಳಗಿನ ಪದರ ಕಪ್ಪು ಶಿಲೆಯದು. ಜಂಬಿಟ್ಟಿಗೆಯ ಮೈಯೆಲ್ಲ ರಂಧ್ರ, ಮಳೆಯ ನೀರನ್ನು ಅದು ಹೀರಿಕೊಳ್ಳುತ್ತದೆ. ಕೆಳಗಿನ ಕರಿಕಲ್ಲು ನೀರನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಹೀಗಾಗಿ ಇವೆರಡೂ ಕೂಡುವ ಕಡೆಗಳಲ್ಲಿ, ಬೆಟ್ಟದ ಅಂಚಿನಲ್ಲಿ, ನೀರು ಝರಿಯಾಗಿ ಹೊರಬರುತ್ತದೆ. ಬೀದರಿನ ನರಸಿಂಹ ಝರಣಿ, ನಾನಕ್ ಝೀರಾ ಎಂಬ ಹೆಸರುಗಳಲ್ಲೇ ಈ ಝರಿಗಳ ಗುರುತು ಉಳಿದಿದೆ. ಜಂಬಿಟ್ಟಿಗೆಗೆ ಇನ್ನೊಂದು ಗುಣವಿದೆ. ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿರುವ ಈ ಕಲ್ಲು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಕುಡಿಯಲು ನೀರು, ಕಟ್ಟಲು ಕಲ್ಲು, ಕಾವಲಿಗೆ ಎತ್ತರ ಮೂರೂ ಒಂದೇ ಕಡೆ ಸಿಕ್ಕವು.

1347ರಲ್ಲಿ ಕಲಬುರಗಿಯಲ್ಲಿ ಆರಂಭವಾದ ಬಹಮನಿ ರಾಜ್ಯದ ರಾಜಧಾನಿಯನ್ನು 1420ರ ದಶಕದಲ್ಲಿ ಅಹಮದ್ ಶಾ ಬೀದರಿಗೆ ತಂದನು. ಕೋಟೆಯ ಕೆಲಸ 1432ರ ಹೊತ್ತಿಗೆ ಮುಗಿಯಿತು. ಊರಿನ ಕಡೆಗೆ ಮುಖ ಮಾಡಿದ ಭಾಗದಲ್ಲಿ ಕೋಟೆಗೆ ಮೂರು ಪಟ್ಟಿನ ಕಂದಕವಿದೆ. ಇಡೀ ಬಂಡೆಯನ್ನೇ ಕಡಿದು, ನಡುವೆ ಬಂಡೆಯ ಗೋಡೆಗಳನ್ನು ಹಾಗೆಯೇ ಉಳಿಸಿಕೊಂಡು ಮಾಡಿದ ಕಂದಕ ಅದು. ಅದನ್ನು ಕಡಿದವರ ಹೆಸರು ನಮಗೆ ಯಾವ ಶಾಸನದಲ್ಲೂ ಸಿಗುವುದಿಲ್ಲ.

ಈಗ ಪೇಟೆಗೆ ಬರೋಣ. ಹಳೆಯ ಊರಿನ ಎರಡು ಮುಖ್ಯ ಬೀದಿಗಳು ಒಂದನ್ನೊಂದು ಅಡ್ಡ ಹಾಯುವ ಜಾಗದಲ್ಲಿ ದುಂಡನೆಯ ಒಂದು ಗೋಪುರ ನಿಂತಿದೆ. ಅದೇ ಚೌಬಾರಾ. ಎತ್ತರ 71 ಅಡಿ. ಒಳಗೆ ಸುತ್ತಿ ಸುತ್ತಿ ಏರುವ ಮೆಟ್ಟಿಲುಗಳಿವೆ. ನಾಲ್ಕು ದಿಕ್ಕಿನ ಬೀದಿಗಳನ್ನೂ ಒಬ್ಬನೇ ಕಾವಲುಗಾರ ಇಲ್ಲಿಂದ ನೋಡಬಹುದಿತ್ತು. ಈಗ ಅದರ ಮೇಲ್ಭಾಗದಲ್ಲಿ ಗಡಿಯಾರವಿದೆ. ಹಿಂದೆ ಶತ್ರುವನ್ನು ಕಾಯುತ್ತಿದ್ದ ಗೋಪುರ ಇಂದು ಊರಿಗೆ ಹೊತ್ತನ್ನು ಹೇಳುತ್ತದೆ.

ಚೌಬಾರಾದ ಬುಡದಲ್ಲಿ ಒಂದು ಕ್ಷಣ ನಿಂತು ಸುತ್ತ ನೋಡಿ. ಊರು ನಾಲ್ಕು ಭಾಗಗಳಾಗಿ ಒಡೆದುಕೊಂಡಿರುವುದು ತಿಳಿಯುತ್ತದೆ. ಈ ನಾಲ್ಕು ಭಾಗಗಳಿಗೂ ಒಂದೊಂದು ತಾಲೀಮು ಇತ್ತು. ತಾಲೀಮು ಎಂದರೆ ಗರಡಿಮನೆ. ಆಯಾ ಓಣಿಯ ಹುಡುಗರು ಅಲ್ಲಿ ಸಾಮು ಮಾಡುತ್ತಿದ್ದರು, ವರಸೆ ಕಲಿಯುತ್ತಿದ್ದರು. ಸಿದ್ದೀಖ್ ಶಾ ತಾಲೀಮು, ನೂರ್ ಖಾನ್ ತಾಲೀಮು ಎಂಬ ಹೆಸರುಗಳು ಇಂದೂ ಬಳಕೆಯಲ್ಲಿವೆ. ಊರಿನ ಗೋಡೆಗೆ ಶಾಗಂಜ್, ಫತೇ, ಮಂಗಲಪೇಟ, ದುಲ್ಹನ್, ತಾಲಘಾಟ್ ಎಂಬ ದರವಾಜೆಗಳಿವೆ. ಗೋಪುರ, ಬೀದಿ, ತಾಲೀಮು, ದರವಾಜೆ ಇವನ್ನು ಒಂದು ಕಾಗದದ ಮೇಲೆ ಗುರುತು ಹಾಕಿಕೊಂಡರೆ ಐದು ಶತಮಾನದ ಹಿಂದಿನ ನಗರಯೋಜನೆ ನಿಮ್ಮ ಕೈಯಲ್ಲಿ ಇದ್ದಂತೆ.

ಚೌಬಾರಾದಿಂದ ಕೋಟೆಯ ಕಡೆಗೆ ನಡೆದರೆ ಮಹಮೂದ್ ಗವಾನನ ಮದರಸಾ ಸಿಗುತ್ತದೆ. ಗವಾನ್ ಇರಾನಿನ ಗೀಲಾನ್ ಸೀಮೆಯವನು. ವ್ಯಾಪಾರಿಯಾಗಿ ಬಂದು ಬಹಮನಿಗಳ ಪ್ರಧಾನ ಮಂತ್ರಿಯಾದವನು. 1472ರಲ್ಲಿ ಅವನು ಈ ವಿದ್ಯಾಲಯವನ್ನು ಕಟ್ಟಿಸಿದನು. ಮೂರು ಅಂತಸ್ತಿನ ಕಟ್ಟಡ. ಪಾಠದ ಕೋಣೆಗಳು, ಮಸೀದಿ, ಗ್ರಂಥಾಲಯ, ಗುರುಗಳಿಗೂ ವಿದ್ಯಾರ್ಥಿಗಳಿಗೂ ವಾಸದ ಕೋಣೆಗಳು. ಗ್ರಂಥಾಲಯದಲ್ಲಿ ಸುಮಾರು 3,000 ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. ಅಚ್ಚಿನ ಪುಸ್ತಕವೇ ನಮ್ಮ ದೇಶಕ್ಕೆ ಬಂದಿರದ ಕಾಲದಲ್ಲಿ, ಒಂದೊಂದನ್ನೂ ಕೈಯಲ್ಲೇ ಬರೆಯಬೇಕಾಗಿದ್ದಾಗ, ಅಷ್ಟು ಗ್ರಂಥಗಳೆಂದರೆ ಎಂಥ ಸಂಪತ್ತು ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಮದರಸಾದ ಮುಖ ಪೂರ್ವಕ್ಕಿದೆ. ಬೆಳಗಿನ ಹೊತ್ತು ಹೋಗಿ ಎಂದು ನಾನು ಹೇಳಿದ್ದಕ್ಕೆ ಇದೂ ಒಂದು ಕಾರಣ. ಎಳೆ ಬಿಸಿಲು ನೇರವಾಗಿ ಗೋಡೆಯ ಮೇಲೆ ಬಿದ್ದಾಗ ನೀಲಿ, ಹಸಿರು, ಬಿಳಿ ಬಣ್ಣದ ಹೊಳಪಿನ ಬಿಲ್ಲೆಗಳು ಕಾಣುತ್ತವೆ. ಮಿನಾರಿನ ಮೈಮೇಲೆ ಅವು ಅಂಕುಡೊಂಕು ಗೆರೆಗಳಾಗಿ ಏರುತ್ತವೆ. ಒಂದು ಕಾಲಕ್ಕೆ ಈ ಮುಖವೆಲ್ಲ ಇಂಥ ಬಿಲ್ಲೆಗಳಿಂದ ತುಂಬಿತ್ತು. ಇಂದು ಉಳಿದಿರುವುದು ಅಲ್ಲೊಂದು ತುಣುಕು, ಇಲ್ಲೊಂದು ತುಣುಕು.

ಇದ್ದದ್ದು ಎರಡು ಮಿನಾರು, ಈಗ ಮುಂಭಾಗದಲ್ಲಿ ನಿಂತಿರುವುದು ಒಂದೇ. ಅದರ ಎತ್ತರ ಸುಮಾರು 131 ಅಡಿ. ಇನ್ನೊಂದು ಏನಾಯಿತು? ಹದಿನೇಳನೆಯ ಶತಮಾನದ ಕೊನೆಯಲ್ಲಿ, ಔರಂಗಜೇಬನ ಕಾಲದಲ್ಲಿ, ಈ ವಿದ್ಯಾಲಯ ಸೈನ್ಯದ ವಶದಲ್ಲಿತ್ತು. ಪಾಠ ನಡೆಯುತ್ತಿದ್ದ ಕೋಣೆಗಳಲ್ಲಿ ಮದ್ದಿನ ಪುಡಿಯನ್ನು ತುಂಬಿದ್ದರು. ಅದು ಸಿಡಿಯಿತು. ಒಂದು ಮಿನಾರೂ ಮುಂಭಾಗದ ಬಹುಪಾಲೂ ದಕ್ಷಿಣದ ಪಾರ್ಶ್ವವೂ ನೆಲಸಮವಾದವು. ಗ್ರಂಥ ಇರಬೇಕಾದ ಕಡೆ ಮದ್ದು ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ.

ಕಟ್ಟಿಸಿದವನ ಕಥೆಯೂ ಸುಖವಾಗಿ ಮುಗಿಯಲಿಲ್ಲ. ಗವಾನನ ಏಳಿಗೆಯನ್ನು ಸಹಿಸದ ಸರದಾರರು ಅವನ ಮೊಹರನ್ನು ಮೋಸದಿಂದ ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡರು. ಶತ್ರುರಾಜನಿಗೆ ಅವನೇ ಬರೆದಂತೆ ಅದರಲ್ಲಿ ಪತ್ರ ಬರೆದರು. ಸುಲ್ತಾನ ಮೂರನೆಯ ಮಹಮ್ಮದ್ ಶಾ ವಿಚಾರಣೆ ಮಾಡದೆ 1481ರಲ್ಲಿ ಅವನ ತಲೆ ಹೊಡೆಸಿದನು. ಮರುವರ್ಷ ಸುಲ್ತಾನನೂ ತೀರಿಕೊಂಡನು. ಹತ್ತು ವರ್ಷ ಕಳೆಯುವುದರೊಳಗೆ ರಾಜ್ಯ ಒಡೆಯತೊಡಗಿತು. ಕೊನೆಗೆ ಐದು ಹೋಳಾಯಿತು. ಒಂದು ಸುಳ್ಳು ಪತ್ರವನ್ನು ಪರೀಕ್ಷಿಸದೆ ನಂಬಿದ್ದರ ಬೆಲೆ ಅಷ್ಟು. ಸುದ್ದಿಯನ್ನು ನಂಬುವ ಮೊದಲು ವಿಚಾರಿಸಬೇಕೆಂಬ ಮಾತು ಮೊಬೈಲಿನ ಈ ಕಾಲಕ್ಕೂ ಸಲ್ಲುತ್ತದೆ.

ಗವಾನನ ಕಾಲದಲ್ಲೇ, 1470ರ ಆಸುಪಾಸಿನಲ್ಲಿ, ಅಫನಾಸಿ ನಿಕಿತಿನ್ ಎಂಬ ರಷ್ಯದ ವ್ಯಾಪಾರಿ ಬೀದರಿಗೆ ಬಂದಿದ್ದನು. ಇಲ್ಲಿನ ಸುಲ್ತಾನನ ಮೆರವಣಿಗೆ, ಸರದಾರರ ವೈಭವ ಎಲ್ಲವನ್ನೂ ಅವನು ಬರೆದಿಟ್ಟಿದ್ದಾನೆ. ಅದರ ಜೊತೆಗೆ ಹಳ್ಳಿಗಾಡಿನ ಜನ ತೀರ ಬಡವರಾಗಿದ್ದಾರೆಂದೂ ಹೇಳಿದ್ದಾನೆ. ಚೆಂದದ ಕಟ್ಟಡವನ್ನು ನೋಡುವಾಗ ಈ ಮಾತನ್ನು ಮರೆಯಬಾರದು. ನೀಲಿ ಬಿಲ್ಲೆಗಳ ಹಿಂದೆ ರೈತನ ತೆರಿಗೆ ಇದೆ, ಕಲ್ಲುಕುಟಿಗನ ಬೆವರು ಇದೆ.

ಮದರಸಾ ದಾಟಿ ಮುಂದೆ ಹೋದರೆ ಗಚ್ಚಿನ ಹೂಬಳ್ಳಿಗಳ ಕೆಲಸವುಳ್ಳ ತಖ್ತ್-ಎ-ಕಿರ್ಮಾನಿ ಎಂಬ ಕಮಾನಿನ ಕಟ್ಟಡ. ಅದನ್ನು ದಾಟಿದರೆ ಕೋಟೆ. ಕೋಟೆಯೊಳಗೆ ಎಲ್ಲವನ್ನೂ ನೋಡುವಷ್ಟು ಬಿಡುವಿಲ್ಲದಿದ್ದರೆ ರಂಗೀನ್ ಮಹಲನ್ನಾದರೂ ನೋಡಿ. ಬೀಗ ಹಾಕಿದ್ದರೆ ಅಲ್ಲಿನ ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ವಿನಯದಿಂದ ಕೇಳಿಕೊಳ್ಳಿ. ಒಳಗೆ ಕೆತ್ತನೆಯ ಮರದ ಕಂಬಗಳಿವೆ. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪಿನ ಚೂರುಗಳನ್ನು ಕೂಡಿಸಿ ಬಳ್ಳಿಗಳನ್ನೂ ಅಕ್ಷರಗಳನ್ನೂ ಬಿಡಿಸಿದ್ದಾರೆ. ಬಹಮನಿಗಳ ನಂತರ ಬಂದ ಬರೀದ್ ಶಾಹಿಗಳಲ್ಲಿ ಅಲೀ ಬರೀದನ ಕಾಲದ ಕೆಲಸ ಇದು.

ಕಪ್ಪು ಕಲ್ಲಿನ ಮೇಲೆ ಬೆಳ್ಳಗೆ ಮಿನುಗುವ ಆ ಚಿಪ್ಪನ್ನು ಕಣ್ಣಿನಲ್ಲಿಟ್ಟುಕೊಂಡು ಪೇಟೆಗೆ ಮರಳಿ ಬನ್ನಿ. ಚೌಬಾರಾದ ಸಮೀಪದ ಬೀದಿಯಲ್ಲಿ ಬಿದ್ರಿ ಕಸುಬುದಾರರ ಅಂಗಡಿಗಳಿವೆ. ಅಲ್ಲಿಯೂ ಕಪ್ಪಿನ ಮೇಲೆ ಬಿಳುಪು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯ ಮಾಡಿ, ಮೈಲುತುತ್ತ ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಕೊರೆಯುವ ಗೆರೆ ಕಾಣಬೇಕಲ್ಲ! ಚಾಣದಿಂದ ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಕೂಡಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಕಟ್ಟಡಗಳ ಮಣ್ಣನ್ನು ನವಸಾಗರದ ಜೊತೆ ಕಲಸಿ, ಕಾಯಿಸಿದ ಪಾತ್ರೆಗೆ ತಿಕ್ಕುತ್ತಾರೆ. ಸತುವು ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಬಿದ್ರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. 2023ರಲ್ಲಿ ಬೀದರಿನ ಬಿದ್ರಿ ಕಲಾವಿದ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಿತು. ಕೋಟೆಯ ಮಣ್ಣೇ ಪೇಟೆಯ ಕಸುಬಿಗೆ ಜೀವ ಕೊಡುವ ಊರು ಬೇರೆಲ್ಲಿ ಸಿಕ್ಕೀತು?

ಇಲ್ಲಿಯವರೆಗೆ ಕಣ್ಣಿಗೆ ಕಾಣುವ ಬೀದರನ್ನು ಹೇಳಿದೆ. ಕಾಣದ ಬೀದರ್ ನೆಲದಡಿಯಲ್ಲಿದೆ. ಊರಿನ ಸಮೀಪದ ನೌಬಾದಿನಲ್ಲಿ ನೆಲದೊಳಗೆ ಸುರಂಗ ತೋಡಿ, ಇಳಿಜಾರಿನ ಬಲದಿಂದಲೇ ನೀರು ಹರಿಸುವ ವ್ಯವಸ್ಥೆ ಇದೆ. ಇದಕ್ಕೆ ಕರೇಜ್ ಎಂದು ಹೆಸರು. ಇರಾನಿನಲ್ಲಿ ರೂಢಿಯಲ್ಲಿದ್ದ ವಿದ್ಯೆ ಅದು. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಕಿಂಡಿಗಳು. ಗಾಳಿ ಬೆಳಕಿಗೂ ಹೂಳು ತೆಗೆಯುವುದಕ್ಕೂ ಅವೇ ದಾರಿ. ಬಹುಕಾಲ ಹೂಳು ತುಂಬಿ, ಕಸ ಬಿದ್ದು ಮರೆತುಹೋಗಿದ್ದ ಇದನ್ನು 2010ರ ನಂತರದ ವರ್ಷಗಳಲ್ಲಿ ಸಂಶೋಧಕರು ಗುರುತಿಸಿ ಅಧ್ಯಯನ ಮಾಡಿದರು. ಹೂಳೆತ್ತುವ ಕೆಲಸವೂ ನಡೆಯಿತು. ಎಷ್ಟೋ ಜನ ದಿನವೂ ಕಸ ಎಸೆಯುತ್ತಿದ್ದ ಹಳ್ಳ ತಮ್ಮ ಹಿರಿಯರಿಗೆ ನೀರು ಕೊಟ್ಟ ಕಿಂಡಿ ಎಂಬುದು ಆಗ ತಿಳಿಯಿತು.

ಮಿತ್ರರೇ, ಇಂಥ ಊರನ್ನು ಕಾಯುವವರು ಯಾರು? 1947ರಲ್ಲಿ ಗುಲಾಂ ಯಜ್ದಾನಿಯವರು ಬೀದರಿನ ಇತಿಹಾಸ ಮತ್ತು ಸ್ಮಾರಕಗಳ ಮೇಲೆ ದೊಡ್ಡ ಗ್ರಂಥ ಬರೆದು, ಒಂದೊಂದು ಕಟ್ಟಡವನ್ನೂ ಅಳೆದು ದಾಖಲಿಸಿದರು. 2014ರಲ್ಲಿ ವಿಶ್ವ ಸ್ಮಾರಕ ನಿಧಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ತಾನು ಗಮನ ಕೊಡಬೇಕಾದ ತಾಣಗಳ ಪಟ್ಟಿಯಲ್ಲಿ ಬೀದರಿನ ಐತಿಹಾಸಿಕ ನಗರವನ್ನು ಸೇರಿಸಿತು. ಅದೇ ವರ್ಷ ದಖ್ಖನಿನ ಸುಲ್ತಾನರ ಸ್ಮಾರಕಗಳ ಜೊತೆಗೆ ಬೀದರ್ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ನಮ್ಮ ಕಾನೂನಿನ ಪ್ರಕಾರ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಕಟ್ಟಬೇಕಾದರೆ ಅನುಮತಿ ಬೇಕು.

ಆದರೆ ಕಾನೂನು ಕಾಯುವುದು ಸ್ಮಾರಕವನ್ನು. ಒಂದು ಸ್ಮಾರಕಕ್ಕೂ ಇನ್ನೊಂದಕ್ಕೂ ನಡುವೆ ಇರುವ ಓಣಿ, ದಪ್ಪ ಗೋಡೆಯ ಮನೆ, ಕಮಾನಿನ ಬಾಗಿಲು, ಒಳ ಅಂಗಳ ಇವು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಇವನ್ನೆಲ್ಲ ಕಳೆದರೆ ಉಳಿಯುವುದು ಸಿಮೆಂಟಿನ ನಡುವೆ ಒಂಟಿಯಾಗಿ ನಿಂತ ಗೋಪುರ ಮಾತ್ರ. ಹಾಗೆಂದು ಅಲ್ಲಿ ವಾಸಿಸುವವರನ್ನು ದೂರುವುದು ನ್ಯಾಯವಲ್ಲ. ಸೋರುವ ಮಾಳಿಗೆಯ ಕೆಳಗೆ ಸಂಸಾರ ಮಾಡುವವರಿಗೆ ಚೆಂದವಾಗಿದೆ, ಹಾಗೆಯೇ ಇರಲಿ ಎಂದು ಹೇಳಿ ನಾವು ಬಸ್ಸು ಹತ್ತಿ ಬಂದುಬಿಡಬಹುದೇ? ಅವರಿಗೂ ನೀರಿನ ನಲ್ಲಿ ಬೇಕು, ಶೌಚಾಲಯ ಬೇಕು, ಮಕ್ಕಳು ಓದಲು ಕೋಣೆ ಬೇಕು. ಹಳೆಯ ಗೋಡೆಯನ್ನು ಉಳಿಸಿಕೊಂಡೇ ಈ ಅನುಕೂಲಗಳನ್ನು ಒದಗಿಸುವ ಎಂಜಿನಿಯರು, ಗಾರೆ ಕೆಲಸವನ್ನು ಬಲ್ಲ ಮೇಸ್ತ್ರಿ, ಅದಕ್ಕೆ ಹಣದ ನೆರವು ಕೊಡುವ ಆಡಳಿತ ಬೇಕು. ಈ ಕೆಲಸಕ್ಕೆ ಮುಂದೆ ಬರಬೇಕಾದವರು ನಿಮ್ಮಲ್ಲೇ ಇದ್ದಾರೆ.

ಬೀದರಿಗೆ ಹೋದಾಗ ಗೋಡೆಯ ಮೇಲೆ ಹೆಸರು ಗೀಚಬೇಡಿ, ಬಿದ್ದ ಬಿಲ್ಲೆಯ ಚೂರನ್ನು ಜೇಬಿಗೆ ಹಾಕಿಕೊಳ್ಳಬೇಡಿ ಎಂದು ನಾನು ಹೇಳಬೇಕಾಗಿಲ್ಲ. ಅದಕ್ಕಿಂತ ದೊಡ್ಡ ಕೆಲಸವೊಂದನ್ನು ನಿಮಗೆ ಒಪ್ಪಿಸುತ್ತೇನೆ. ಇದಕ್ಕೆ ಬೀದರಿಗೇ ಹೋಗಬೇಕೆಂದಿಲ್ಲ. ನಿಮ್ಮ ಊರಿನಲ್ಲಿ ಎಲ್ಲಕ್ಕಿಂತ ಹಳೆಯ ಬೀದಿ ಯಾವುದೆಂದು ಹಿರಿಯರನ್ನು ಕೇಳಿ. ಒಂದು ಭಾನುವಾರ ಬೆಳಿಗ್ಗೆ ನಾಲ್ಕು ಜನ ಸೇರಿ ಆ ಬೀದಿಯ ನಕ್ಷೆ ಬರೆಯಿರಿ. ಯಾವ ಮನೆ ಯಾವ ಕಲ್ಲಿನದು, ಬಾವಿ ಎಲ್ಲಿದೆ, ಓಣಿಗೆ ಆ ಹೆಸರು ಏಕೆ ಬಂತು ಎಂದು ವಿಚಾರಿಸಿ ಅದರಲ್ಲಿ ಗುರುತು ಮಾಡಿ. ತಾರೀಖು ಹಾಕಿ ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸಿ. ನಾಳೆ ಆ ಬೀದಿಯಲ್ಲಿ ಯಾವುದಾದರೂ ಗೋಡೆ ಬೀಳುವ ಮಾತು ಬಂದಾಗ, ಇಲ್ಲಿ ಇಂಥದೊಂದು ಇದೆ ಎಂದು ತೋರಿಸಲು ಊರಿನ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ.