ಬರೆದ ಕೈ ಒಂದು, ರುಜು ಇನ್ನೊಂದು

ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ 1970ರಲ್ಲಿ ಪ್ರಕಟವಾದ ಕಾದಂಬರಿ. ಕಥೆ ನಡೆಯುವುದು ತಿಪಟೂರು, ಚನ್ನರಾಯಪಟ್ಟಣದ ಸೀಮೆಯಲ್ಲಿ, ಸ್ವಾತಂತ್ರ್ಯಕ್ಕೆ ಹಿಂದಿನ ಎರಡು ಮೂರು ದಶಕಗಳಲ್ಲಿ. ಎಳೆಯ ವಯಸ್ಸಿನಲ್ಲೇ ಮದುವೆಯಾಗಿ ಶ್ಯಾನುಭೋಗರ ಮನೆ ಸೇರುವ ನಂಜಮ್ಮ ಅದರ ನಾಯಕಿ. ಅತ್ತೆಯ ಬಾಯಿ ದೊಡ್ಡದು, ಗಂಡ ಚೆನ್ನಿಗರಾಯನಿಗೆ ಹೊಟ್ಟೆಯ ಚಿಂತೆ ಬಿಟ್ಟರೆ ಬೇರೆ ಚಿಂತೆಯಿಲ್ಲ. ಇದ್ದ ಜಮೀನು ಸಾಲಕ್ಕೆ ಹೋಗುತ್ತದೆ. ಮಕ್ಕಳ ಹೊಟ್ಟೆಗೆ ಉಳಿಯುವುದು ನಂಜಮ್ಮನ ದುಡಿಮೆಯೊಂದೇ.

ಆ ದುಡಿಮೆ ಎರಡು ಬಗೆಯದು. ಮುತ್ತುಗದ ಎಲೆ ಹಚ್ಚಿ ಮಾರುವುದು ಒಂದು. ಶ್ಯಾನುಭೋಗಿಕೆಯ ಲೆಕ್ಕ ಬರೆಯುವುದು ಇನ್ನೊಂದು. ಹಾಳೆಗೆ ಗೆರೆ ಎಳೆದು, ಖಾತೆಗಳನ್ನು ತುಂಬಿ, ಕೂಡಿ ಕಳೆದು ತಾಳೆ ನೋಡುವವಳು ಅವಳು. ರುಜು ಮಾತ್ರ ಗಂಡನದು. ವರ್ಷದ ಸಂಭಾವನೆಯೂ ಅವನ ಕೈಗೇ. ಅದು ತಿಪಟೂರಿನ ಹೋಟೆಲಿನಲ್ಲಿ ಕರಗಿಹೋದರೆ ಕೇಳುವ ಅಧಿಕಾರ ಬರೆದವಳಿಗಿಲ್ಲ. ಪ್ಲೇಗು ಮೊದಲು ಇಬ್ಬರು ಮಕ್ಕಳನ್ನು, ಕೊನೆಗೆ ಅವಳನ್ನೂ ಕೊಂಡೊಯ್ಯುತ್ತದೆ. ಊರಿನ ಹೊಲಗದ್ದೆಗಳ ಲೆಕ್ಕವನ್ನೆಲ್ಲ ಬರೆದ ಹೆಂಗಸಿಗೆ ಆ ಲೆಕ್ಕದಲ್ಲಿ ತನ್ನದೆನ್ನುವ ಒಂದು ಗೇಣು ನೆಲವಿಲ್ಲ.

ಇಂಗ್ಲಿಷಿನ ಹೆಸರಾಂತ ಕಾದಂಬರಿಗಳಲ್ಲಿಯೂ ಮದುವೆಯ ಹಿಂದಿರುವುದು ಇದೇ ಅನ್ನದ ಪ್ರಶ್ನೆ. ಜೇನ್ ಆಸ್ಟಿನ್‌ರ ‘ಪ್ರೈಡ್ ಅಂಡ್ ಪ್ರಿಜುಡಿಸ್’ 1813ರದು. ಅಲ್ಲಿ ಬೆನೆಟ್ ಮನೆತನದ ಆಸ್ತಿ ಐವರು ಹೆಣ್ಣುಮಕ್ಕಳಿಗೆ ಸೇರದೆ ದೂರದ ಗಂಡು ದಾಯಾದಿಗೆ ಸೇರಬೇಕು. ಐವರಲ್ಲೊಬ್ಬಳಾದ ಎಲಿಜಬೆತ್ ಅವನನ್ನು ಮದುವೆಯಾಗಲು ಒಲ್ಲೆನೆನ್ನುತ್ತಾಳೆ. ಆದರೆ ಅವಳ ಗೆಳತಿ, 27ರ ಆಸುಪಾಸಿನ ಷಾರ್ಲೆಟ್, ತಲೆಯ ಮೇಲೊಂದು ಸೂರು ಬೇಕೆಂದು ಅವನನ್ನೇ ಒಪ್ಪುತ್ತಾಳೆ. ಷಾರ್ಲೆಟ್ ಬ್ರಾಂಟೆಯವರ ‘ಜೇನ್ ಐರ್’ 1847ರದು. ಪರರ ಮನೆಯಲ್ಲಿ ಪಾಠ ಹೇಳಿ ಬದುಕಿದ ಜೇನ್, ಚಿಕ್ಕಪ್ಪನ ಆಸ್ತಿ ಕೈಗೆ ಬಂದು ಯಾರ ಹಂಗೂ ಇಲ್ಲದವಳಾದ ಮೇಲೆಯೇ ಪ್ರೀತಿಸಿದವನ ಬಳಿಗೆ ಮರಳುತ್ತಾಳೆ. ಇದನ್ನು ಬರೆದವರೇ ಗಂಡಸಿನಂತೆ ಕೇಳಿಸುವ ಕರರ್ ಬೆಲ್ ಎಂಬ ಹೆಸರಿನಲ್ಲಿ ಪುಸ್ತಕ ಹೊರತರಬೇಕಾಯಿತು. ಮೇರಿ ಆನ್ ಇವಾನ್ಸ್ ಜಾರ್ಜ್ ಎಲಿಯಟ್ ಆದದ್ದೂ ಹೀಗೆಯೇ. ಅವರ ‘ಮಿಡ್ಲ್‌ಮಾರ್ಚ್’ನಲ್ಲಿ ಗಂಡ ಸತ್ತ ಮೇಲೂ ಅವನ ಉಯಿಲು ಹೆಂಡತಿಯನ್ನು ಬಿಡುವುದಿಲ್ಲ. ಇಂಥವನನ್ನು ಮದುವೆಯಾದರೆ ಆಸ್ತಿಯಿಲ್ಲ ಎಂಬ ಷರತ್ತು ಅದರಲ್ಲಿದೆ.

ಹೆಣ್ಣಿನ ಈ ಪರಾಧೀನತೆಯ ಹಿಂದೆ ಕಾನೂನೂ ಇತ್ತು. ಇಂಗ್ಲೆಂಡಿನಲ್ಲಿ ಮದುವೆಯಾದೊಡನೆ ಹೆಣ್ಣಿನ ಹಣಕಾಸು, ಗಳಿಕೆ ಎಲ್ಲ ಗಂಡನದಾಗುತ್ತಿತ್ತು. 1870ರ ಕಾಯ್ದೆ ಅವಳ ಸಂಬಳವನ್ನು ಅವಳದೆಂದು ಒಪ್ಪಿತು. 1882ರ ಕಾಯ್ದೆ ಆಸ್ತಿಯ ಹಕ್ಕನ್ನೂ ಕೊಟ್ಟಿತು.

ಮೈಸೂರು ಸಂಸ್ಥಾನವೂ ಈ ದಾರಿಯಲ್ಲಿ ಬೇಗ ಹೆಜ್ಜೆಯಿಟ್ಟಿತ್ತು. ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು ಅದು 1894ರಲ್ಲೇ ನಿಷೇಧಿಸಿತು. 1933ರಲ್ಲಿ ಹಿಂದೂ ಹೆಂಗಸರ ಹಕ್ಕುಗಳ ಕಾಯ್ದೆ ಬಂದು, ವಿಧವೆಯರಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ವಿಭಾಗದಲ್ಲಿ ಪಾಲು ದೊರೆಯಿತು. ಕನ್ನಡದ ಕಾದಂಬರಿ ಈ ಕಾಯ್ದೆಗೂ ಮೊದಲೇ ವಿಧವೆಯ ಬಾಳಿನ ಮಾತೆತ್ತಿತ್ತು: ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯಲ್ಲಿ ಎಳೆಯ ವಿಧವೆಯೊಬ್ಬಳು ಓದು ಕಲಿತು ಮರುಮದುವೆಯಾಗುವುದು 1899ರಲ್ಲಿ. ಕರ್ನಾಟಕ 1994ರಲ್ಲಿ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮ ಮಾಡಿತಾದರೂ ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ಅಳಿಸಿತು. ತಾಳಿ ಕಟ್ಟಿಸಿಕೊಂಡ ಮಾತ್ರಕ್ಕೆ ಮಗಳ ಪಾಲು ಈಗ ಹೋಗುವುದಿಲ್ಲ.

ಕಾಗದದ ಮೇಲಿನ ಹಕ್ಕು ತೋಟದವರೆಗೆ ಬರುವುದೇ ಉಳಿದಿರುವ ಕೆಲಸ. ದಬ್ಬೇಘಟ್ಟದಿಂದ ಚಿಕ್ಕನಾಯಕನಹಳ್ಳಿಯವರೆಗೆ ಹಬ್ಬಿರುವ, ತಿಪಟೂರಿನ ಸುತ್ತಿನ ತೆಂಗಿನ ಸೀಮೆಯಲ್ಲಿ ಬಿದ್ದ ಕಾಯಿ ಆಯುವುದು, ಸೋಗೆ ಎಳೆಯುವುದು, ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿದ ಕಾಯಿಯ ಚಿಪ್ಪು ಒಡೆದು ಉಂಡೆ ಕೊಬ್ಬರಿ ವಿಂಗಡಿಸುವುದು, ಈ ಎಲ್ಲದರಲ್ಲೂ ಹೆಂಗಸರ ಕೈಯಿದೆ. ಬೆಂಬಲ ಬೆಲೆಗೆ ಕೊಬ್ಬರಿ ಕೊಡುವಾಗ ನೋಂದಣಿಯಾಗುವುದು ಮಾತ್ರ ಪಹಣಿಯಲ್ಲಿರುವ ಹೆಸರು. ಹಣ ಸೇರುವುದೂ ಆ ಹೆಸರಿನವರ ಖಾತೆಗೆ. ದುಡಿಯುವವಳ ಹೆಸರು ಅಲ್ಲಿಲ್ಲದಿದ್ದರೆ ಅವಳ ಸ್ಥಿತಿ ನಂಜಮ್ಮನದಕ್ಕಿಂತ ಬಹಳ ಬೇರೆಯಲ್ಲ.

ಮದುವೆ ಮನಸ್ಸೊಪ್ಪಿದ ಬಾಳಾಗಬೇಕಾದರೆ ಅದು ಹೆಣ್ಣಿಗೆ ಹೊಟ್ಟೆಪಾಡಿನ ಏಕೈಕ ದಾರಿಯಾಗಿರಬಾರದು. ಆದ್ದರಿಂದ ವಿಭಾಗ ಪತ್ರ ಬರೆಸುವ ದಿನ ಮಗಳನ್ನೂ ಕೂರಿಸಿಕೊಳ್ಳಬೇಕು, ಖಾತೆ ಬದಲಾಗುವಾಗ ಹೆಂಡತಿಯ ಹೆಸರನ್ನೂ ಸೇರಿಸಬೇಕು. ಇದು ಉಪಕಾರವಲ್ಲ, ಸಲ್ಲಬೇಕಾದ ಬಾಕಿ.